ಅರಳುಮರಳು ಮತ್ತು ಮಿದುಳಿನ ಲೆಕ್ಕ

ಸಂಘದ ವಾರ್ಷಿಕ ಸಂಚಿಕೆಗೆ ಆರೋಗ್ಯ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ನಾನು ಹಿಂಜರಿದೆನು. ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಜಮಾಖರ್ಚುಗಳ ನಡುವೆ ಕಾಲ ಕಳೆಯುತ್ತಿರುವವನು. ಮಿದುಳಿನ ವಿಷಯವಾಗಿ ಬರೆಯಲು ನನಗೇನು ಅಧಿಕಾರ? ಆದರೆ ಕಳೆದ ಏಳೆಂಟು ವರ್ಷಗಳಿಂದ ಕೋಯಂಬೇಡಿನ ನಮ್ಮ ಮನೆಯಲ್ಲಿ ನಡೆದುಬಂದ ಒಂದು ಸಂಗತಿಯು ಈ ವಿಷಯವನ್ನು ನಾನು ಓದಲೇಬೇಕಾದ ಅನಿವಾರ್ಯತೆಯನ್ನು ತಂದೊಡ್ಡಿತು. ಓದಿದ್ದು ತಡವಾಯಿತು. ಅದೇ ಸಂಗತಿ ಬೇರೆ ಮನೆಗಳಲ್ಲಿಯೂ ನಡೆಯುತ್ತಿರಬಹುದಾದ್ದರಿಂದ, ವಾಚಕರಿಗಾದರೂ ಅದು ಬೇಗ ತಿಳಿಯಲಿ ಎಂದು ಈ ಬರಹ.

ನಮ್ಮ ತಂದೆಯವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನವರು. 1970ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮದರಾಸಿಗೆ ಬಂದು ಕೊತ್ತವಾಲ್ ಚಾವಡಿಯ ತರಕಾರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿ ಸೇರಿದರು. 1996ರಲ್ಲಿ ಸಗಟು ಮಾರುಕಟ್ಟೆಯು ಕೋಯಂಬೇಡಿಗೆ ಬಂದಾಗ ಮಂಡಿಯೊಡನೆ ಅವರೂ, ಅವರೊಡನೆ ನಮ್ಮ ಸಂಸಾರವೂ ಇಲ್ಲಿಗೆ ಬಂದೆವು. ನಡುರಾತ್ರಿ ಕಳೆದು ಎರಡು ಗಂಟೆಗೆ ಅವರ ದಿನ ಆರಂಭವಾಗುತ್ತಿತ್ತು. ಕೋಲಾರದ ಕಡೆಯಿಂದ ಟೊಮೇಟೋ ಲಾರಿಗಳು ಬಂದು ನಿಲ್ಲುವ ಹೊತ್ತು ಅದು. ಮನೆಯಲ್ಲಿ ಕನ್ನಡ, ಊರಿನ ನೆಂಟರೊಡನೆ ತೆಲುಗು, ಮಂಡಿಯಲ್ಲಿ ತಮಿಳು. ಮೂರನ್ನೂ ಅವರು ಸರಾಗವಾಗಿ ಆಡುತ್ತಿದ್ದರು. ರೋಕಡಿ ಪುಸ್ತಕದ ಒಂದಿಡೀ ಪುಟವನ್ನು ಬೆರಳಾಡಿಸುತ್ತ ಕೆಳಗಿಳಿದು ಮೊತ್ತವನ್ನು ಬಾಯಲ್ಲೇ ಹೇಳಿಬಿಡುತ್ತಿದ್ದರು. ನಾನು ಬಿ.ಕಾಂ. ಓದುತ್ತಿದ್ದಾಗ ಯಂತ್ರದಲ್ಲಿ ಕೂಡಿಸಿ ಪರೀಕ್ಷಿಸಿ, ಸೋತು ಸುಮ್ಮನಾದದ್ದುಂಟು. ಯಾರಿಗೂ ಗಟ್ಟಿಯಾಗಿ ಒಂದು ಮಾತಾಡಿದವರಲ್ಲ.

2018ರಲ್ಲಿ, ಅವರಿಗೆ ಎಪ್ಪತ್ತು ತುಂಬಿದ ವರ್ಷ, ಈ ಸ್ವಭಾವವು ಬದಲಾಗತೊಡಗಿತು. ಮರೆವೂ ಆಗಲೇ ಇದ್ದಿರಬೇಕು. ಆದರೆ ನಾವು ಗಮನಿಸಿದ್ದು ಕೋಪವನ್ನು. ಮೆಟ್ಟಿಲ ಮೇಲೆ ಆಡುತ್ತಿದ್ದ ನೆರೆಮನೆಯ ಹುಡುಗನನ್ನು ಬೈದು ಅಳಿಸಿದರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವರು. ಉತ್ತರ ಹೇಳಿದರೆ, 'ನನಗೇ ಹೇಳಿಕೊಡುತ್ತೀಯಾ?' ಎಂದು ಸಿಡುಕುವರು. ಒಂದು ದಿನ ತಮ್ಮ ಪೆಟ್ಟಿಗೆಯಲ್ಲಿಟ್ಟಿದ್ದ ನಾಲ್ಕು ಸಾವಿರ ರೂಪಾಯಿಗಳನ್ನು ಸೊಸೆಯು ತೆಗೆದುಕೊಂಡಳೆಂದು ಮನೆಗೆ ಬಂದ ನೆಂಟರ ಎದುರಿನಲ್ಲಿಯೇ ಹೇಳಿದರು. ಮೂರು ದಿನಗಳ ನಂತರ ಹಣವು ರಾಗಿ ಹಿಟ್ಟಿನ ಡಬ್ಬಿಯಲ್ಲಿ ದೊರೆಯಿತು. ಅದನ್ನು ಅಲ್ಲಿ ಇಟ್ಟವರು ಅವರೇ. ನನ್ನ ಪತ್ನಿ ಒಂದು ಮಾತೂ ಆಡದೆ ತವರಿಗೆ ಹೋಗಿ ಒಂದು ತಿಂಗಳು ಅಲ್ಲಿಯೇ ಉಳಿದಳು. ನಾನು ತಂದೆಯವರ ಮುಂದೆ ಆ ಡಬ್ಬಿಯನ್ನು ಕುಕ್ಕಿ, 'ಅಪ್ಪ, ಇಷ್ಟು ವಯಸ್ಸಾದ ಮೇಲೆ ನಿಮಗೆ ಇಂಥ ಬುದ್ಧಿ ಏಕೆ ಬಂತು?' ಎಂದು ಕೂಗಾಡಿದೆನು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮರುದಿನ ಅವರಿಗೆ ನೋಟಿನ ನೆನಪೂ ಇರಲಿಲ್ಲ, ನನ್ನ ಕೂಗಾಟದ ನೆನಪೂ ಇರಲಿಲ್ಲ. ಆದರೆ ಎರಡು ದಿನ ಊಟವನ್ನು ಸರಿಯಾಗಿ ಮಾಡಲಿಲ್ಲ. ಮರೆತವರಿಗೆ ದುಃಖವೆಲ್ಲಿಂದ ಬಂದೀತು, ಇದು ಬರೀ ಹಟ ಎಂದುಕೊಂಡೆನು. ಆ ಎಣಿಕೆ ಎಷ್ಟು ತಪ್ಪೆಂಬುದನ್ನು ಮುಂದೆ ಹೇಳುವೆನು.

ಬ್ಯಾಂಕಿನವನಾಗಿ ನಾನು ನಾಚಿಕೊಳ್ಳಬೇಕಾದ ಮತ್ತೊಂದು ವಿಷಯವುಂಟು. ಆ ಸಮಯದಲ್ಲಿಯೇ ಅವರ ಎರಡು ಚೆಕ್ಕುಗಳು ಸಹಿ ಹೊಂದುವುದಿಲ್ಲವೆಂದು ಹಿಂದಿರುಗಿ ಬಂದಿದ್ದವು. ನಲವತ್ತು ವರ್ಷ ಒಂದೇ ಬಗೆಯಾಗಿ ಬಿದ್ದಿದ್ದ ಸಹಿ ಅದು. ನಮ್ಮ ಶಾಖೆಯ ಕಿಟಕಿಯ ಮುಂದೆ ನಿಲ್ಲುವ ಪಿಂಚಣಿದಾರರಲ್ಲಿ ಹೀಗೆ ಸಹಿ ಕೆಟ್ಟವರನ್ನು ನಾನು ಪ್ರತಿ ತಿಂಗಳೂ ನೋಡುತ್ತಿದ್ದೆನು. ಹೊಸ ಮಾದರಿ ಸಹಿಯನ್ನು ಪಡೆದುಕೊಂಡು ಕಳುಹಿಸುವುದಷ್ಟೇ ನಮ್ಮ ಕೆಲಸ. ಕೈಯನ್ನು ನಡೆಸುವ ಮಿದುಳಿನ ಕಡೆಗೆ ನನ್ನ ಯೋಚನೆಯೇ ಹೋಗಿರಲಿಲ್ಲ.

'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನೆಂಟರು ಅದನ್ನೇ ಹೇಳಿದರು. ಮೊದಲು ತೋರಿಸಿದ ವೈದ್ಯರೂ ಹೆಚ್ಚುಕಡಮೆ ಅದನ್ನೇ ಹೇಳಿ ನಿದ್ರೆಯ ಮಾತ್ರೆ ಬರೆದುಕೊಟ್ಟರು. ಗಾದೆಯ ದೋಷವೆಂದರೆ, ಅದು ರೋಗವೊಂದನ್ನು ವಯಸ್ಸಿನ ಗುಣವೆಂದು ಸಮಾಧಾನ ಹೇಳಿ ಮುಗಿಸಿಬಿಡುತ್ತದೆ. ಅರವತ್ತು, ಎಪ್ಪತ್ತು, ಎಂಬತ್ತು ದಾಟಿಯೂ ಬುದ್ಧಿ ಚುರುಕಾಗಿರುವವರೇ ಬಹುಮಂದಿ. ದೇಶದಾದ್ಯಂತ ಹಿರಿಯ ನಾಗರಿಕರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರ ಪ್ರಕಾರ, ಅರವತ್ತು ವರ್ಷ ಮೀರಿದ ಭಾರತೀಯರಲ್ಲಿ ಡಿಮೆನ್ಷಿಯಾ ಎಂಬ ಮರೆವಿನ ರೋಗವಿರುವವರು ನೂರಕ್ಕೆ 7.4 ಮಂದಿ, ಒಟ್ಟು ಸುಮಾರು 88 ಲಕ್ಷ. ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನರಿಗೆ ಬರದಿರುವುದನ್ನು ವಯಸ್ಸಿನ ಸಹಜ ಗುಣವೆಂದು ಹೇಗೆ ಕರೆಯುವುದು? ಲೆಕ್ಕ ಬಲ್ಲವರು ಒಪ್ಪುವ ಮಾತಲ್ಲ.

2019ರಲ್ಲಿ ನರರೋಗ ತಜ್ಞರೊಬ್ಬರು ರಕ್ತಪರೀಕ್ಷೆ, ಸ್ಕ್ಯಾನ್ ಮತ್ತು ಒಂದು ಗಂಟೆ ಕಾಲದ ಪ್ರಶ್ನೋತ್ತರಗಳನ್ನು ಮಾಡಿದ ಮೇಲೆ ಇದು ಆಲ್ಝೈಮರ್ ರೋಗವೆಂದು ತಿಳಿಸಿದರು. ಅವರು ಔಷಧ ಚೀಟಿಯ ಹಿಂಬದಿಯಲ್ಲಿ ಮಿದುಳಿನ ಚಿತ್ರವನ್ನು ಬರೆದು, 'ನಿಮ್ಮ ತಂದೆಯವರು ಬೇಕೆಂದು ಹೀಗೆ ಮಾಡುತ್ತಿಲ್ಲ, ಇಲ್ಲಿ ಈ ಭಾಗ ಸವೆಯುತ್ತಿದೆ' ಎಂದು ಗುರುತು ಹಾಕಿದರು. ಆ ಚೀಟಿ ಇಂದಿಗೂ ನನ್ನಲ್ಲಿದೆ. ಅಂದಿನಿಂದ ನನ್ನ ಓದು ಪ್ರಾರಂಭವಾಯಿತು.

ವಯಸ್ಕರ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ಶರೀರದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಅದೊಂದೇ ಖರ್ಚು ಮಾಡುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವುದಾಗಿ ಎಣಿಸಿದ್ದಾರೆ. ಇವುಗಳಲ್ಲಿ ಒಂದೊಂದೂ ಸಾವಿರಾರು ಇತರ ಕೋಶಗಳೊಡನೆ ಸಂಪರ್ಕ ಹೊಂದಿರುತ್ತದೆ. ನಾವು ಹೊಸದಾಗಿ ಏನನ್ನಾದರೂ ಕಲಿತಾಗ ಈ ಸಂಪರ್ಕಗಳಲ್ಲಿ ಕೆಲವು ಬಲಗೊಳ್ಳುತ್ತವೆ, ಬಳಸದೆ ಬಿಟ್ಟವು ಕ್ಷೀಣಿಸುತ್ತವೆ. ಕಲಿಕೆಯೆಂಬುದು ಹೀಗೆ ಮಾಂಸದಲ್ಲಿಯೇ ಆಗುವ ಮಾರ್ಪಾಡು. ಲಂಡನ್ ನಗರದ ಸಹಸ್ರಾರು ಬೀದಿಗಳನ್ನು ಬಾಯಿಪಾಠ ಮಾಡಿಕೊಂಡ ಟ್ಯಾಕ್ಸಿ ಚಾಲಕರ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿಯು ಇತರರಿಗಿಂತ ದೊಡ್ಡದಾಗಿರುವುದನ್ನು ಎಲಿನೋರ್ ಮಗ್ವಾಯರ್ ಎಂಬ ವಿಜ್ಞಾನಿ 2000ದಲ್ಲಿ ತೋರಿಸಿದರು.

ಈ ಹಿಪೊಕ್ಯಾಂಪಸ್ ಕಿವಿಗಳ ನೇರಕ್ಕೆ ಮಿದುಳಿನ ಒಳಗಡೆ, ಎಡಬಲಗಳಲ್ಲಿ ಒಂದೊಂದರಂತೆ ಇರುತ್ತದೆ. ಕಡಲ್ಗುದುರೆಯ ಆಕಾರದ್ದಾದ್ದರಿಂದ ಗ್ರೀಕ್ ಭಾಷೆಯಲ್ಲಿ ಆ ಹೆಸರು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಅದು ಮಿದುಳಿನ ದಿನವಹಿ. ಅಂದಂದಿನ ವ್ಯವಹಾರವು ಮೊದಲು ಅಲ್ಲಿ ದಾಖಲಾಗುತ್ತದೆ. ಕಾಲಕ್ರಮದಲ್ಲಿ ಮಿದುಳಿನ ಹೊರಪದರವೆಂಬ ಖಾತೆ ಪುಸ್ತಕಕ್ಕೆ ಇಳಿಯುತ್ತದೆ. ಆಲ್ಝೈಮರ್ ರೋಗವು ಸಾಮಾನ್ಯವಾಗಿ ಮೊದಲು ಹಿಡಿಯುವುದು ಈ ದಿನವಹಿಯನ್ನೇ. ಆದ್ದರಿಂದಲೇ ಬೆಳಗಿನ ತಿಂಡಿಯು ಮರೆತುಹೋಗುತ್ತದೆ, ಐವತ್ತು ವರ್ಷಗಳ ಹಿಂದಿನ ಕೊತ್ತವಾಲ್ ಚಾವಡಿಯ ಬಾಡಿಗೆ ಕೋಣೆಯು ನೆನಪಿರುತ್ತದೆ. ಹೊಸ ನೆನಪುಗಳು ಮೊದಲು ಅಳಿದು ಹಳೆಯವು ಕಡೆಗೆ ಅಳಿಯುತ್ತವೆಂಬುದನ್ನು ಫ್ರಾನ್ಸಿನ ರಿಬೋ ಎಂಬ ಮನಶ್ಶಾಸ್ತ್ರಜ್ಞರು 1881ರಷ್ಟು ಹಿಂದೆಯೇ ಬರೆದಿದ್ದರು. ನೋಟನ್ನು ತಾನೇ ಡಬ್ಬಿಯಲ್ಲಿಟ್ಟದ್ದು ದಿನವಹಿಯಲ್ಲಿ ದಾಖಲಾಗಲೇ ಇಲ್ಲ. ಪೆಟ್ಟಿಗೆಯಲ್ಲಿ ಹಣವಿಲ್ಲದಿರುವುದು ಮಾತ್ರ ಕಣ್ಣಿಗೆ ಕಾಣುತ್ತಿದೆ. ಅಂಥವರು ಕಳವಾಯಿತೆನ್ನದೆ ಮತ್ತೇನು ಹೇಳಿಯಾರು? ಅವರ ಪುಸ್ತಕದ ಪ್ರಕಾರ ಅವರ ಲೆಕ್ಕ ಸರಿಯೇ.

ಹಾಗಾದರೆ ಕೋಪ? ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಮುಂಪಾಲು ನಮ್ಮ ನಡತೆಯನ್ನು ಹದ್ದಿನಲ್ಲಿಡುವ ಮೇಲಧಿಕಾರಿ ಎನ್ನಬಹುದು. 1848ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ರೈಲುಮಾರ್ಗದ ಕೆಲಸ ನಡೆಯುತ್ತಿದ್ದಾಗ, ಫಿನಿಯಸ್ ಗೇಜ್ ಎಂಬ ಇಪ್ಪತ್ತೈದು ವರ್ಷದ ಮೇಸ್ತ್ರಿಯ ಕೆನ್ನೆಯ ಮೂಲಕ ಹೊಕ್ಕ ಕಬ್ಬಿಣದ ಸಲಾಕೆಯೊಂದು ನೆತ್ತಿಯನ್ನು ಸೀಳಿಕೊಂಡು ಹೊರಗೆ ಹಾರಿತು. ಸಲಾಕೆಯ ಉದ್ದ ಒಂದು ಮೀಟರಿಗೂ ಹೆಚ್ಚು, ತೂಕ ಸುಮಾರು ಆರು ಕಿಲೋ. ಆಶ್ಚರ್ಯವೆಂದರೆ ಆತನು ಬದುಕಿದನು. ಮಾತು, ನಡಿಗೆ, ಬುದ್ಧಿ ಎಲ್ಲವೂ ಉಳಿದವು. ಆದರೆ ಅದುವರೆಗೆ ಶಾಂತನೂ ದಕ್ಷನೂ ಆಗಿದ್ದ ಮನುಷ್ಯನು ಮುಂಗೋಪಿಯಾಗಿ, ಬಾಯಿ ಬಂದಂತೆ ಬೈಯುವವನಾಗಿ ಮಾರ್ಪಟ್ಟನು. ಅವನನ್ನು ಮೆಚ್ಚಿದ್ದ ಮಾಲೀಕರೇ ಮತ್ತೆ ಆ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಕಾಲಾನಂತರದಲ್ಲಿ ಆತನು ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಗಾಡಿ ನಡೆಸಿದನೆಂಬುದನ್ನು ನೋಡಿದರೆ ಸ್ವಲ್ಪಮಟ್ಟಿಗೆ ಸುಧಾರಿಸಿಕೊಂಡಿರಲೂ ಬೇಕು. 1860ರಲ್ಲಿ ತೀರಿಕೊಂಡನು. ಸಲಾಕೆಯು ಒಂದು ಕ್ಷಣದಲ್ಲಿ ಮಾಡಿದ್ದನ್ನು ಮರೆವಿನ ರೋಗವು ವರ್ಷಾನುಗಟ್ಟಲೆ ಸದ್ದಿಲ್ಲದೆ ಮಾಡುತ್ತದೆ. ಕೆಲವರಲ್ಲಿ ರೋಗವು ಮಿದುಳಿನ ಮುಂಪಾಲಿನಲ್ಲಿಯೇ ಆರಂಭವಾಗುವುದುಂಟು. ಅಂಥವರ ನೆನಪು ಬಹುಕಾಲ ಚೆನ್ನಾಗಿಯೇ ಇದ್ದು ನಡತೆ ಮಾತ್ರ ಕೆಡುತ್ತದೆ. ಐವತ್ತು-ಅರವತ್ತರ ವಯಸ್ಸಿನಲ್ಲಿ ಸಭ್ಯ ಗೃಹಸ್ಥರೊಬ್ಬರು ಇದ್ದಕ್ಕಿದ್ದಂತೆ ಲಜ್ಜೆಗೆಟ್ಟವರಂತೆ ನಡೆದುಕೊಂಡರೆ ಅಥವಾ ಹಣವನ್ನು ಮನಬಂದಂತೆ ಚೆಲ್ಲಿದರೆ, ಬಂಧುಗಳು ಛೀಮಾರಿ ಹಾಕುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯುವುದು ಮೇಲು.

ಈಗ ನಾನು ಹಟವೆಂದು ತಿಳಿದ ಆ ಎರಡು ದಿನಗಳ ವಿಷಯಕ್ಕೆ ಬರುತ್ತೇನೆ. ಹಿಪೊಕ್ಯಾಂಪಸ್ಸಿನ ಮುಂತುದಿಗೆ ಅಂಟಿದಂತೆ ಬಾದಾಮಿ ಬೀಜದ ಆಕಾರದ ಅಮಿಗ್ಡಲಾ ಎಂಬ ಮತ್ತೊಂದು ಚಿಕ್ಕ ಭಾಗವಿದೆ. ಭಯ, ದುಃಖ, ಹಿತ, ಅಹಿತಗಳ ಅನುಭವದಲ್ಲಿ ಅದಕ್ಕೆ ಮುಖ್ಯ ಪಾತ್ರವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಸಂಶೋಧಕರು ಹಿಪೊಕ್ಯಾಂಪಸ್ ಹಾಳಾದ ಐವರು ರೋಗಿಗಳಿಗೆ ದುಃಖಕರವಾದ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಅವರಿಗೆ ಚಿತ್ರವು ಮರೆತುಹೋಯಿತು. ದುಃಖವು ಮಾತ್ರ ಹೋಗಲಿಲ್ಲ. ಏಕೆ ಬೇಸರವೆಂದು ತಿಳಿಯದೆಯೇ ಅವರು ಬೇಸರದಿಂದಿದ್ದರು. ಇದು 2010ರಲ್ಲಿ ಪ್ರಕಟವಾಯಿತು. 2014ರಲ್ಲಿ ಅದೇ ವಿಶ್ವವಿದ್ಯಾನಿಲಯದವರು ಆಲ್ಝೈಮರ್ ರೋಗಿಗಳಲ್ಲಿಯೂ ಇದನ್ನೇ ಕಂಡರು. ಸಂತೋಷದ ಚಿತ್ರ ತೋರಿಸಿದಾಗ ಸಂತೋಷವೂ ಹಾಗೆಯೇ ಉಳಿಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ದಿನವಹಿಯ ಪುಟವು ಹರಿದುಹೋಗಿತ್ತು. ಬಾಕಿಯು ಮಾತ್ರ ಎಲ್ಲೋ ಬೇರೊಂದು ಪುಸ್ತಕದಲ್ಲಿ ಹಾಗೆಯೇ ನಿಂತಿತ್ತು. ನಾನು ಕೂಗಾಡಿದ್ದನ್ನು ಅವರು ಮರೆತಿದ್ದರು, ಕೂಗಿಸಿಕೊಂಡ ನೋವನ್ನು ಮರೆತಿರಲಿಲ್ಲ. ಹೇಗಿದ್ದರೂ ಮರೆಯುತ್ತಾರಲ್ಲ ಎಂದು ಇಂಥ ಹಿರಿಯರೊಡನೆ ಒರಟಾಗಿ ಮಾತನಾಡುವ ಮನೆಗಳು ಎಷ್ಟಿವೆಯೋ!

ಕೈಗಳ ನೆನಪು ಮತ್ತೊಂದು ಬಗೆಯದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೇಸನ್ ಎಂಬ ತರುಣನ ಮೂರ್ಛೆರೋಗವನ್ನು ನಿಲ್ಲಿಸಲು ಶಸ್ತ್ರವೈದ್ಯರು ಅವನ ಎರಡೂ ಕಡೆಯ ಹಿಪೊಕ್ಯಾಂಪಸ್ಸುಗಳ ಬಹುಭಾಗವನ್ನು ತೆಗೆದುಬಿಟ್ಟರು. ಅನಂತರ 2008ರಲ್ಲಿ ಸಾಯುವವರೆಗೆ ಆತನಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಕೆನಡಾದ ಬ್ರೆಂಡಾ ಮಿಲ್ನರ್ ಎಂಬಾಕೆ ಅವನಿಂದ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕೃತಿಯನ್ನು ಬರೆಸಿದರು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ತಾನು ಈ ಕೆಲಸವನ್ನು ಹಿಂದೆಂದೂ ಮಾಡಿಯೇ ಇಲ್ಲವೆಂದು ಆತನು ಪ್ರತಿ ದಿನವೂ ಹೇಳುತ್ತಿದ್ದನು. ಕೈಗೆಲಸವನ್ನು ಕಲಿಯುವ ಭಾಗಗಳು ಮಿದುಳಿನಲ್ಲಿ ಬೇರೆಯೇ ಇವೆಯೆಂಬುದು ಇದರಿಂದ ಸ್ಪಷ್ಟವಾಯಿತು. ನಮ್ಮ ತಂದೆಯವರಿಗೆ ಕೂಡುವ ಲೆಕ್ಕ ತಪ್ಪಿದ ಮೇಲೆಯೂ ಟೊಮೇಟೋವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹದ ಹೇಳುವುದು ತಪ್ಪಲಿಲ್ಲ.

2020ರ ಮೇ ತಿಂಗಳಲ್ಲಿ ಕೊರೋನಾ ಹರಡಿ ಕೋಯಂಬೇಡು ಮಾರುಕಟ್ಟೆಯು ಮುಚ್ಚಿಹೋಯಿತು. ತರಕಾರಿ ವ್ಯಾಪಾರವು ತಿರುಮಳಿಸೈಗೆ ಸಾಗಿತು. ಸೆಪ್ಟೆಂಬರಿನವರೆಗೆ ಈ ಬಡಾವಣೆಯಲ್ಲಿ ನಾನು ಹುಟ್ಟಿದಾಗಿನಿಂದ ಕಾಣದಂಥ ಮೌನ. ಲಾರಿಗಳ ಸದ್ದಿಲ್ಲದ ಆ ರಾತ್ರಿಗಳಲ್ಲಿ ತಂದೆಯವರು ಎರಡು ಗಂಟೆಗೆ ಎದ್ದು, ಅಂಗಿ ತೊಟ್ಟು, ಬಾಗಿಲ ಬಳಿ ನಿಲ್ಲುತ್ತಿದ್ದರು. 'ಲಾರಿ ಬರಲಿಲ್ಲವೇ?' ಎಂದು ಕೇಳುತ್ತಿದ್ದರು. ರೋಗವೆಂದು ತಿಳಿಯುವ ಮುಂಚೆಯಾಗಿದ್ದರೆ, ಮಾರುಕಟ್ಟೆ ಮುಚ್ಚಿದೆ, ನಿಮ್ಮ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು ಎಂದು ನಾನು ವಾದಿಸುತ್ತಿದ್ದೆನು. ಈಗ, 'ದಾರಿಯಲ್ಲಿದೆಯಂತೆ ಅಪ್ಪ, ಬಂದಾಗ ಎಬ್ಬಿಸುತ್ತೇನೆ' ಎಂದರೆ ಮಲಗುತ್ತಿದ್ದರು. ಸುಳ್ಳು ಹೇಳಿದೆನಲ್ಲಾ ಎಂದು ಮೊದಮೊದಲು ಕಸಿವಿಸಿಯಾಗುತ್ತಿತ್ತು.

ಭಾಷೆಯ ವಿಷಯವನ್ನು ಕನ್ನಡ ಸಂಘದ ಸಂಚಿಕೆಯಲ್ಲಿ ಹೇಳದಿದ್ದರೆ ಲೋಪವಾದೀತು. 2021ರ ಹೊತ್ತಿಗೆ ತಂದೆಯವರಿಂದ ತಮಿಳು ಜಾರತೊಡಗಿತು. ಐವತ್ತು ವರ್ಷ ಮಂಡಿಯಲ್ಲಿ ಆಡಿದ ಭಾಷೆ! ಇಪ್ಪತ್ತೆರಡರ ಅನಂತರ ಕಲಿತದ್ದು ಮೊದಲು ಹೋಯಿತು, ತಾಯಿಯಿಂದ ಕಲಿತ ಕನ್ನಡವೂ ಊರಿನ ತೆಲುಗೂ ಉಳಿದವು. ಎಲ್ಲ ರೋಗಿಗಳಲ್ಲಿಯೂ ಇದೇ ಕ್ರಮದಲ್ಲಿ ಆಗುವುದಿಲ್ಲವೆಂದು ವೈದ್ಯರು ಹೇಳುತ್ತಾರೆ; ನಮ್ಮಲ್ಲಿ ಹೀಗಾಯಿತು. ಇದರಿಂದ ಅತಿ ಹೆಚ್ಚು ನಷ್ಟವಾದದ್ದು ನನ್ನ ಮಗನಿಗೆ. ಅವನನ್ನು ಶಾಲೆಗೆ ಸೇರಿಸುವಾಗ, ಮನೆಯಲ್ಲಿ ಇಂಗ್ಲಿಷನ್ನೇ ಆಡಿರಿ, ಮೂರು ನಾಲ್ಕು ಭಾಷೆಗಳಿಂದ ಮಗುವಿನ ತಲೆ ಗೊಂದಲವಾಗುತ್ತದೆ ಎಂದು ಅಲ್ಲಿನವರು ಬುದ್ಧಿ ಹೇಳಿದ್ದರು. ನಾವು ಪಾಲಿಸಿದೆವು. ಬೀದಿಯಿಂದ ತಮಿಳು ತಾನಾಗಿ ಬಂತು. ಕನ್ನಡ ಬರಲಿಲ್ಲ. ತಾತನೂ ಮೊಮ್ಮಗನೂ ಅದುವರೆಗೆ ತಮಿಳಿನಲ್ಲಿಯೇ ಮಾತನಾಡುತ್ತಿದ್ದರು. ಆ ಸೇತುವೆ ಬಿದ್ದುಹೋದ ಮೇಲೆ ಒಂದೇ ಮನೆಯಲ್ಲಿ ಇಬ್ಬರೂ ಪರಸ್ಪರ ಪರದೇಶಿಗಳಾದರು.

ಹಲವು ಭಾಷೆಗಳಿಂದ ಮಿದುಳಿಗೆ ತೊಂದರೆಯೆಂಬ ಮಾತಿಗೆ ವ್ಯತಿರಿಕ್ತವಾದ ಸಾಕ್ಷ್ಯವು ನಮ್ಮ ದೇಶದಲ್ಲಿಯೇ ದೊರೆತಿದೆ. ಡಾ. ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಅವರೂ ಸಹೋದ್ಯೋಗಿಗಳೂ ಸೇರಿ ಮರೆವಿನ ರೋಗದ 648 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುತ್ತಿದ್ದವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದು ಓದುಬರಹದ ಫಲವಿರಬಹುದೇ ಎಂಬ ಸಂದೇಹ ಸಹಜ. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲಿಯೂ ಇದೇ ವ್ಯತ್ಯಾಸ ಕಂಡುಬಂತು. ಎರಡಕ್ಕಿಂತ ಹೆಚ್ಚು ಭಾಷೆಗಳಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅದೇ ತಂಡದವರು 2016ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನವು ಪಾರ್ಶ್ವವಾಯುವಿಗೆ ತುತ್ತಾದ 608 ಮಂದಿಯದು. ರೋಗದ ನಂತರ ಬುದ್ಧಿಶಕ್ತಿ ಸಮರ್ಪಕವಾಗಿ ಉಳಿದವರು ದ್ವಿಭಾಷಿಗಳಲ್ಲಿ ನೂರಕ್ಕೆ 40.5, ಏಕಭಾಷಿಗಳಲ್ಲಿ 19.6.

ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆಯ ಹೆಸರು ಕೇಳಿ ನನಗೆ ಸಂತೋಷವಾಯಿತು: ಮೀಸಲು, ಅಂದರೆ ನಮ್ಮ ರಿಸರ್ವ್! ಎರಡು ಭಾಷೆ ಬಲ್ಲವನು ಪ್ರತಿ ಮಾತಿಗೂ ಒಂದನ್ನು ಆರಿಸಿ ಮತ್ತೊಂದನ್ನು ತಡೆಹಿಡಿಯಬೇಕಾಗುತ್ತದೆ. ಜೀವಮಾನವಿಡೀ ನಡೆಯುವ ಈ ವ್ಯಾಯಾಮದಿಂದ ಮಿದುಳಿನಲ್ಲಿ ಮೀಸಲು ನಿಧಿಯೊಂದು ಬೆಳೆಯುತ್ತದೆ. ರೋಗ ಬಂದು ಖರ್ಚು ಮೇಲೆ ಬಿದ್ದಾಗ, ನಿಧಿ ಇರುವ ಸಂಸ್ಥೆಯು ಕೆಲವು ವರ್ಷ ಬಾಗಿಲು ತೆರೆದಿಟ್ಟುಕೊಂಡಿರಬಲ್ಲದಲ್ಲವೆ, ಹಾಗೆ. ರೋಗವೇ ಬರುವುದಿಲ್ಲವೆಂದು ಇದರ ಅರ್ಥವಲ್ಲ. ನಮ್ಮ ತಂದೆಯವರಿಗೆ ಮೂರು ಭಾಷೆ ಇದ್ದೂ ಬಂತು. ಮೇಲಾಗಿ, ಆರೋಗ್ಯವಂತರನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಈ ಲಾಭವು ಕಾಣದಿರುವುದರಿಂದ ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ. ಆದರೆ ಎರಡನೆಯ ಭಾಷೆಯಿಂದ ಮಗುವಿನ ಮಿದುಳು ಕೆಡುತ್ತದೆಂಬುದಕ್ಕೆ ಮಾತ್ರ ಆಧಾರವಿಲ್ಲ. ಚೆನ್ನೈಯಲ್ಲಿ ಮನೆಯೊಳಗೆ ಕನ್ನಡವನ್ನು ನಿಲ್ಲಿಸಿರುವ ತಂದೆತಾಯಿಗಳು ಇದನ್ನು ಗಮನಿಸಬೇಕೆಂದು ಬೇಡುತ್ತೇನೆ. ನಾನೂ ಆ ತಪ್ಪು ಮಾಡಿದವನೇ.

ಡಾ. ಸುವರ್ಣಾ ಅವರು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಬಂದರು. ಬೆಂಗಳೂರಿನ ಮಾತು ಬಂದಾಗ ನನಗೆ ಹೆಮ್ಮೆಯೆನಿಸುವ ಮತ್ತೊಂದು ಸಂಗತಿಯನ್ನು ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು, ಹಳ್ಳಿಯ ಜನರ ಮಿದುಳು ವಯಸ್ಸಿನೊಡನೆ ಹೇಗೆ ಮಾರ್ಪಡುತ್ತದೆಂದು ತಿಳಿಯಲು 2018ರಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. ಅದಕ್ಕಾಗಿ ಆಯ್ದುಕೊಂಡದ್ದು ನಮ್ಮ ತಂದೆಯವರ ಶ್ರೀನಿವಾಸಪುರ ತಾಲ್ಲೂಕನ್ನೇ! ನಲವತ್ತೈದು ವಯಸ್ಸು ಮೀರಿದ ಹತ್ತು ಸಾವಿರ ಗ್ರಾಮಸ್ಥರನ್ನು ಸೇರಿಸಿಕೊಂಡು, ರಕ್ತಪರೀಕ್ಷೆ, ಮಿದುಳಿನ ಚಿತ್ರ, ನೆನಪಿನ ಪರೀಕ್ಷೆಗಳನ್ನು ಕಾಲಕಾಲಕ್ಕೆ ಮಾಡುತ್ತ ಹೋಗುವುದು ಅದರ ಗುರಿ. ಈ ರೋಗದ ಬಗ್ಗೆ ಲೋಕಕ್ಕೆ ತಿಳಿದಿರುವುದರಲ್ಲಿ ಹೆಚ್ಚಿನದು ಪಾಶ್ಚಾತ್ಯ ನಗರಗಳ ವಿದ್ಯಾವಂತರಿಂದ ತಿಳಿದದ್ದು. ಮಾವಿನ ತೋಪಿನ ರೈತನ, ಕನ್ನಡ-ತೆಲುಗು ಎರಡನ್ನೂ ಆಡುವ ಅಕ್ಷರ ಬಾರದ ಅಜ್ಜಿಯ ಮಿದುಳಿನ ಲೆಕ್ಕವೂ ಪುಸ್ತಕಕ್ಕೆ ಬರಬೇಡವೇ? ಈ ಕೇಂದ್ರಕ್ಕೆ ಧನಸಹಾಯ ನೀಡಿದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ದಂಪತಿಗಳ ನೆರವಿನಿಂದಲೇ ನಮ್ಮ ಚೆನ್ನೈಯ ಐ.ಐ.ಟಿ.ಯಲ್ಲಿಯೂ ಮಿದುಳು ಕೇಂದ್ರವೊಂದು ನಡೆಯುತ್ತಿದೆ. ಗರ್ಭಸ್ಥ ಶಿಶುವಿನ ಮಿದುಳಿನ ಐದು ಸಾವಿರಕ್ಕೂ ಹೆಚ್ಚು ಸೀಳುಗಳ ಚಿತ್ರಗಳನ್ನು ಅದು 2024ರ ಡಿಸೆಂಬರಿನಲ್ಲಿ ಲೋಕಕ್ಕೆಲ್ಲ ಉಚಿತವಾಗಿ ಒದಗಿಸಿತು.

ಚೆನ್ನೈ ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕಾದ ಒಂದು ಹೆಸರು ಡಾ. ಶಾರದಾ ಮೆನನ್ ಅವರದು. 1923ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು ಭಾರತದ ಪ್ರಥಮ ಮಹಿಳಾ ಮನೋವೈದ್ಯರು. 1794ರಷ್ಟು ಹಳೆಯದಾದ ಕಿಲ್ಪಾಕಿನ ಮಾನಸಿಕ ಆಸ್ಪತ್ರೆಯನ್ನು 1961ರಿಂದ 1978ರವರೆಗೆ ನಡೆಸಿದರು. 1984ರಲ್ಲಿ ಅವರು ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆಯು ಕೋಯಂಬೇಡಿಗೆ ನೆರೆಯಾದ ಅಣ್ಣಾನಗರ ಪಶ್ಚಿಮ ವಿಸ್ತರಣೆಯಲ್ಲಿದೆ. ಮರೆವಿನ ರೋಗದವರ ಆರೈಕೆಯನ್ನೂ ಅದು ಕೈಗೊಂಡಿದೆ. 2021ರಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅರಳುಮರಳಿನ ಗಾದೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಮನೆಯಲ್ಲಿ ಹಿರಿಯರ ನಡತೆ ಬದಲಾದರೆ ಮೊದಲು ಮಾಡಬೇಕಾದದ್ದು ಪರೀಕ್ಷೆ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರುವುದು, ಖಿನ್ನತೆ, ಕೆಲವು ಔಷಧಗಳ ಅಡ್ಡ ಪರಿಣಾಮ ಇವೆಲ್ಲವೂ ಮರೆವಿನ ರೋಗದಂತೆಯೇ ತೋರಬಹುದು. ಇವು ಬಹುಮಟ್ಟಿಗೆ ಗುಣವಾಗತಕ್ಕವು. ವಯಸ್ಸಾಯಿತೆಂದು ಸುಮ್ಮನಿದ್ದರೆ ಗುಣವಾಗುವುದನ್ನೂ ಕಳೆದುಕೊಂಡಂತೆ. ಆಲ್ಝೈಮರ್ ರೋಗವನ್ನು ವಾಸಿಮಾಡುವ ಔಷಧ ಇನ್ನೂ ಇಲ್ಲ. ಸ್ವಲ್ಪ ಕಾಲ ನೆನಪಿಗೆ ಆಸರೆ ಕೊಡುವ ಮಾತ್ರೆಗಳಿವೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿಯು 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಗುರುತಿಸಿ, ಅವನ್ನೆಲ್ಲ ನಿವಾರಿಸಬಹುದಾದರೆ ನೂರಕ್ಕೆ ಸುಮಾರು 45ರಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳು ಅದರಲ್ಲಿರುವುದು ಆಶ್ಚರ್ಯವಲ್ಲ. ಕಿವಿ ಕೇಳಿಸದಿರುವುದು ಮತ್ತು ಒಂಟಿತನಗಳೂ ಇವೆ. ಶ್ರವಣ ಯಂತ್ರ ಹಾಕಿಕೊಳ್ಳಲು ನಾಚುವವರು ಈ ಮಾತನ್ನು ನೆನಪಿಡಲಿ. ಮನೆಯವರ ಮನಸ್ಸು ಸೋತಾಗ ಮಾತನಾಡಲು 14416 ಎಂಬ ಸರಕಾರಿ ದೂರವಾಣಿ ಇದೆ.

ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಎಚ್ಚರಿಕೆ. ತಂದೆಯ ಹಣದ ವ್ಯವಹಾರಕ್ಕೆ ಅಧಿಕಾರಪತ್ರ ಬರೆಸಿಕೊಂಡಿದ್ದೇನೆ, ಇನ್ನು ಚಿಂತೆಯಿಲ್ಲ ಎಂದು ಹಲವರು ನಮ್ಮ ಶಾಖೆಯಲ್ಲಿ ಹೇಳುವುದುಂಟು. ಭಾರತೀಯ ಕರಾರು ಕಾಯಿದೆಯ 201ನೆಯ ಪ್ರಕರಣದಂತೆ, ಅಧಿಕಾರ ಕೊಟ್ಟವರ ಚಿತ್ತಸ್ವಾಸ್ಥ್ಯ ಹೋದರೆ ಆ ಅಧಿಕಾರವೂ ಹೋಗುತ್ತದೆ. ಯಾವಾಗ ಅದು ಅತ್ಯಗತ್ಯವೋ ಆಗಲೇ ಪ್ರಯೋಜನವಿಲ್ಲ. ಬಳಿಕ ನ್ಯಾಯಾಲಯದ ಮೊರೆ ಹೋಗುವುದೊಂದೇ ದಾರಿ. ಆದುದರಿಂದ ರೋಗದ ಆರಂಭದಲ್ಲಿ, ಹಿರಿಯರಿಗೆ ವಿಷಯ ತಿಳಿದು ಒಪ್ಪುವ ಶಕ್ತಿಯಿರುವಾಗಲೇ, ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ, ನಾಮಕರಣ, ಉಯಿಲುಗಳನ್ನು ಅವರ ಇಚ್ಛೆಯಂತೆ ಮಾಡಿಸಿಬಿಡಬೇಕು. ನಾನು ಒಂದು ವರ್ಷವನ್ನು ಜಗಳದಲ್ಲಿ ಕಳೆದಿದ್ದರಿಂದ ಇದರಲ್ಲಿಯೂ ಬಹಳ ತೊಡಕಾಯಿತು.

ತಂದೆಯವರಿಗೆ ಈಗ ಎಪ್ಪತ್ತೇಳು ದಾಟಿದೆ. ನನ್ನನ್ನು ಗುರುತಿಸುವುದಿಲ್ಲ. 'ಬನ್ನಿ ಸ್ವಾಮಿ, ಕೂತುಕೊಳ್ಳಿ' ಎಂದು ಮಂಡಿಗೆ ಬಂದ ವರ್ತಕರನ್ನು ಕರೆಯುವಂತೆ ಕರೆಯುತ್ತಾರೆ. ಕಳ್ಳಿಯೆಂದು ಕರೆದ ಸೊಸೆಯ ಹೆಸರೂ ತಿಳಿಯದು. ಆದರೆ ಅವಳ ಕೈಯಿಂದಲ್ಲದೆ ಮತ್ತಾರ ಕೈಯಿಂದಲೂ ಊಟ ಮಾಡುವುದಿಲ್ಲ. ಮಗನು ಮೂರು ವರ್ಷಗಳಿಂದ ಸಂಘದ ಭಾನುವಾರದ ತರಗತಿಗೆ ಹೋಗುತ್ತಿದ್ದಾನೆ. ಅವನ ಕನ್ನಡದಲ್ಲಿ ಇನ್ನೂ ತಮಿಳಿನ ರಾಗವಿದೆ, ತಾತನಿಗೆ ಅದರ ಪರಿವೆಯಿಲ್ಲ. ಭಾನುವಾರ ಬೆಳಿಗ್ಗೆ ಮಾರುಕಟ್ಟೆಯಿಂದ ಎರಡು ಕಿಲೋ ಟೊಮೇಟೋ ತಂದು ಅವರ ಮುಂದೆ ಮೊರದಲ್ಲಿ ಸುರಿಯುತ್ತಾನೆ. ಅವರು ಒಂದೊಂದನ್ನೂ ಒತ್ತಿ ನೋಡಿ, 'ಇದು ಇವತ್ತಿಗೆ, ಇದು ನಾಳಿದ್ದಿಗೆ' ಎಂದು ಬೇರೆ ಬೇರೆ ಇಡುತ್ತಾರೆ. ಎಣಿಸುವುದು ಮೊಮ್ಮಗನ ಕೆಲಸ. ಇಪ್ಪತ್ತೊಂಬತ್ತಾದ ಮೇಲೆ ಅವನು ತಡವರಿಸಿ ನಿಂತರೆ, 'ಮೂವತ್ತು' ಎಂದು ತಾತನೇ ಹೇಳುತ್ತಾರೆ.